ಫೋಂಡಾದ ಹೆಂಚಿನ ಮನೆ: ಮಳೆಗೆ ಮುಂಚೆ ಸೂರಿನ ದೋಣಿ ಕ್ಲೀನ್ ಮಾಡೋದು ಹೇಗೆ?

ಶಿರಸಿಯವಳು, ಫೋಂಡಾ
ಹೋದ ದೀಪಾವಳಿಗೆ ಇಲ್ಲಿ ಒಂದು ಹಳೇ ಹೆಂಚಿನ ಮನೆಗೆ ಬಂದೆವು. ನಾನು ಸೂರಿನ ನೀರಿಗೆ ಅಡಿಕೆ ಮರ ಸೀಳಿ ಕಟ್ಟುವ ದಂಬೆ ನೋಡಿ ಬೆಳೆದವಳು. ಅದು ಕೊಳೆತರೆ ಬಿಚ್ಚಿ ಬೇರೆ ಕಟ್ಟುತ್ತಿದ್ದರು, ಅಷ್ಟೇ. ಇಲ್ಲಿ ಸೂರಿನ ಉದ್ದಕ್ಕೂ ಮಳೆನೀರು ಹಿಡಿದು ಪೈಪಿಗೆ ಬಿಡುವ ಪಿವಿಸಿ ದೋಣಿ ಇದೆ. ಪಕ್ಕದ ಹಲಸಿನ ಮರದ ಎಲೆಯೆಲ್ಲಾ ಅದರಲ್ಲೇ. ಮೊನ್ನೆ ಹತ್ತೇ ನಿಮಿಷ ಮಳೆ ಬಂತು. ನೀರು ಪೈಪಿಗೆ ಇಳಿಯದೆ ಹಿಂದಕ್ಕೆ ಉಕ್ಕಿ ಅಡುಗೆಮನೆ ಗೋಡೆ ನೆನೆಯಿತು. ನಮ್ಮನೆಯವರು ಹೆಂಚಿನ ಮೇಲೆ ಹತ್ತಿ ತೆಗೀತೀನಿ ಅಂತಾರೆ. ನನಗೆ ಭಯ. ಜೂನ್ ಹತ್ತಿರ ಬಂತು, ಏನು ಮಾಡಲಿ?

ಕುಂದಾಪುರದವ, ಮಡಗಾಂವ್
ತಂಗಿ, ಅವರನ್ನು ಹೆಂಚಿನ ಮೇಲೆ ಹತ್ತಲು ಬಿಡಲೇಬೇಡಿ. ಹೆಂಚು ಕೂರುವ ಮರದ ಪಟ್ಟಿ, ಅಂದರೆ ಕೆಳಗಿನ ರೀಪು, ಲಡ್ಡಾಗಿ ಕೊಳೆತಿದ್ದರೆ ಮೇಲಿಂದ ಗೊತ್ತೇ ಆಗುವುದಿಲ್ಲ. ಎಂಟು ವರ್ಷದ ಹಿಂದೆ ನಾನು ಹಾಗೇ ಬಿದ್ದೆ. ಕಾಲ ಕೆಳಗೆ ಕಟಕ್ ಅಂದಿದ್ದು ಕೇಳಿಸಿತು, ಆಮೇಲೆ ಜಗಲಿ ಮೇಲಿದ್ದೆ. ಎಡಗೈ ಇವತ್ತಿಗೂ ಪೂರ್ತಿ ಮಡಚಲು ಬರುವುದಿಲ್ಲ.

ಒಂದಂತಸ್ತಿನ ಮನೆಗೆ ನಾಲ್ಕು ಕಾಲಿನ ಮಡಚುವ ಏಣಿ ಸಾಕು. ಸಾದಾ ಏಣಿಯನ್ನು ದೋಣಿಗೆ ಒರಗಿಸಿದರೆ ಪಿವಿಸಿ ಬಾಗುತ್ತದೆ, ಏಣಿ ಜಾರುತ್ತದೆ. ಅಂಗಳದ ಮಣ್ಣು ಮೆತ್ತಗಿದ್ದರೆ ಅಡಿಗೆ ಹಲಗೆ ಹಾಕಿ. ಒಬ್ಬರು ಹಿಡಿದೇ ಇರಬೇಕು. ಕೈ ಚಾಚಿ ಎಟುಕಿಸುವ ಬದಲು ಇಳಿದು ಏಣಿ ಸರಿಸಿ. ಬೇಜಾರಾಗುತ್ತೆ, ಆದರೂ ಸರಿಸಿ. ಸೂರಿನ ಹತ್ತಿರ ಕರೆಂಟ್ ತಂತಿ ಇದ್ದರೆ ಅಲ್ಯೂಮಿನಿಯಂ ಏಣಿ ಬೇಡವೇ ಬೇಡ.

ಮೊದಲು ಕೋಲಿನಿಂದ ಎಲೆ ಕೆದಕಿ, ಚೇಳು ಇರಬಹುದು. ರಬ್ಬರ್ ಗ್ಲೌಸ್ ಹಾಕಿಕೊಳ್ಳಿ, ಇಲಿ ಓಡಾಡಿದ ಜಾಗ ಅದು. ಪೈಪಿನ ಬಾಯಿಗೆ ಬಟ್ಟೆ ತುರುಕಿ, ಎಣ್ಣೆ ಕ್ಯಾನ್ ಕತ್ತರಿಸಿದ ತುಂಡಿನಿಂದ ಕಸ ಬಾಚಿ. ಆಮೇಲೆ ಬಟ್ಟೆ ತೆಗೆದು, ಪೈಪಿಲ್ಲದ ಆಚೆ ತುದಿಯಿಂದ ನೀರು ಬಿಡಿ. ನಿಂತರೆ ಇಳಿಜಾರು ಕಮ್ಮಿ ಅಂತ ಅರ್ಥ. ಹತ್ತಡಿಗೆ ಕಾಲಿಂಚಾದರೂ ಬೇಕು.

ಧಾರವಾಡದ ಸಿವಿಲ್ ಇಂಜಿನಿಯರ್, ಪಣಜಿ
ಅಕ್ಕಾರ, ಪೈಪ್ ಎಷ್ಟು ಅದಾವ ನೋಡ್ರಿ. 100 ಚದರ ಮೀಟರ್ ಸೂರಿನ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 5,000 ಲೀಟರ್ ನೀರು. ಉದ್ದನೆ ದೋಣಿಗೆ ಒಂದೇ ಪೈಪ್ ಇದ್ದರೆ ಇನ್ನೊಂದು ತುದಿಗೂ ಒಂದು ಹಾಕಿಸ್ರಿ.

ನರ್ಸ್, ವಾಸ್ಕೋ
ನೀರು ನಿಲ್ಲೋದನ್ನು ಸುಮ್ನೆ ಬಿಡಬೇಡಿ. ಡೆಂಗ್ಯೂ ಸೊಳ್ಳೆ ಮೊಟ್ಟೆ ಇಟ್ಟ ಎಂಟು ಹತ್ತು ದಿನಕ್ಕೆಲ್ಲಾ ಹೊಸ ಸೊಳ್ಳೆ ಹಾರುತ್ತೆ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಕೆಳಗೆ ನಿಂತೇ ನೋಡಿ, ಎಲ್ಲಿ ತುಳುಕುತ್ತೆ ಅಂತ.

ಶಿರಸಿಯವಳು, ಫೋಂಡಾ
ಅಣ್ಣ, ನಿಮ್ಮ ಕೈ ವಿಷಯ ಓದಿ ಹೇಳಿದೆ. ಅವರು ಹೆಂಚಿನ ಯೋಚನೆ ಬಿಟ್ಟರು. ಭಾನುವಾರ ನಾನು ಏಣಿ ಹಿಡಿದೆ. ಆರು ಬಕೆಟ್ ಕಸ ಬಂತು, ಕೆಳಗಿನ ಪದರ ಕಪ್ಪು ಗೊಬ್ಬರದ ಹಾಗೆ. ಆದರೂ ನೀರು ಇಳಿಯಲಿಲ್ಲ. ಪೈಪಿನ ಎಲ್ಬೋ ಬಿಚ್ಚಿದರೆ ಅಂಗೈಯಷ್ಟು ಹೆಂಚಿನ ಚೂರು ಅಡ್ಡ ಸಿಕ್ಕಿಕೊಂಡಿತ್ತು, ಸುತ್ತ ಹಲಸಿನ ಎಲೆ. ಅದನ್ನು ತೆಗೆದ ಮೇಲೆ ನೀರು ಸರಾಗವಾಗಿ ಬಂತು. ಇನ್ನೊಂದು ಪೈಪಿಗೆ ಪ್ಲಂಬರ್ ಗುರುವಾರ ಬರ್ತಾರೆ. ಗೋಡೆ ಇನ್ನೂ ಒದ್ದೆ ಇದೆ, ಸುಣ್ಣ ದೀಪಾವಳಿಗೇ ಆಗಬೇಕು.