ಕಾಡುಬೆಕ್ಕಿನ ಮರಿ ಹಿಂಗಾಲು ಎಳೆಯುತ್ತಿದೆ: ಆಹಾರದಲ್ಲಿ ಏನು ಕೊರತೆ?

ಪ್ರಾಣಿಪಾಲಕ, ಬಾಗಲಕೋಟೆ ಜಿಲ್ಲೆ

ಮಾನ್ಯರೇ, ಜಮಖಂಡಿ ಕಡೆ ಕಬ್ಬು ಕಟಾವಿನ ವೇಳೆ ಸಿಕ್ಕ ಕಾಡುಬೆಕ್ಕಿನ ಮರಿಯೊಂದನ್ನು ಅರಣ್ಯ ಇಲಾಖೆಯವರು ನಮ್ಮ ಆರೈಕೆ ಕೇಂದ್ರಕ್ಕೆ ಒಪ್ಪಿಸಿದ್ದು, ಅದಕ್ಕೀಗ ಅಂದಾಜು ನಾಲ್ಕು ತಿಂಗಳು. ಮೂಳೆ ಗಂಟಲಿಗೆ ಸಿಕ್ಕೀತೆಂದು ಬ್ರಾಯ್ಲರ್ ಕೋಳಿಯ ಎದೆಮಾಂಸವನ್ನಷ್ಟೇ ಬೇಯಿಸಿ, ನೀರು ಬಸಿದು, ಜೊತೆಗೆ ಆಕಳ ಹಾಲು ಕೊಡುತ್ತಿದ್ದೇವೆ. ಮೈ ತುಂಬಿಕೊಂಡಿದೆ, ಹಸಿವೂ ಚೆನ್ನಾಗಿದೆ. ಆದರೆ ಇತ್ತೀಚೆಗೆ ಅದು ಹಲಗೆಯ ಮೇಲೆ ಹಾರುವುದನ್ನು ನಿಲ್ಲಿಸಿದೆ. ಹಿಂಗಾಲು ಎಳೆಯುತ್ತದೆ, ಸೊಂಟ ಮುಟ್ಟಿದರೆ ಗುರ್ರೆನ್ನುತ್ತದೆ, ಮಲವಿಸರ್ಜನೆಗೆ ತಿಣುಕುತ್ತದೆ. ಗಾಯ ಎಲ್ಲಿಯೂ ಕಾಣುವುದಿಲ್ಲ. ಬಿಸಿಲಿಗೆ ಬಿಟ್ಟರೆ ಸಾಕೆಂದು ಹಿರಿಯರೊಬ್ಬರು ಹೇಳಿದ್ದಾರೆ. ಸಲಹೆ ನೀಡಬೇಕು.

ಪಶುವೈದ್ಯ, ಬೆಳಗಾವಿ

ಇಂದೇ ಮರಿಯ ಸೊಂಟ ಮತ್ತು ಹಿಂಗಾಲಿನ ಎಕ್ಸ್‌-ರೇ ತೆಗೆಸಿರಿ. ನೀವು ಬರೆದ ಲಕ್ಷಣಗಳು ಕ್ಯಾಲ್ಸಿಯಂ ಕೊರತೆಯಿಂದ ಮೂಳೆ ಮೆತ್ತಗಾಗುವ ಕಾಯಿಲೆಯನ್ನು ಬಲವಾಗಿ ಸೂಚಿಸುತ್ತವೆ. ಒಂದು ಕಿಲೋ ಮೂಳೆಯಿಲ್ಲದ ಮಾಂಸದಲ್ಲಿ ರಂಜಕ (ಫಾಸ್ಫರಸ್) ಸುಮಾರು 2 ಗ್ರಾಂ ಇದ್ದರೆ ಕ್ಯಾಲ್ಸಿಯಂ 0.1 ಗ್ರಾಂನ ಆಸುಪಾಸಿನಲ್ಲಿರುತ್ತದೆ; ಬೆಳೆಯುವ ಮರಿಗೆ ಕ್ಯಾಲ್ಸಿಯಂ ರಂಜಕದಷ್ಟೇ ಅಥವಾ ತುಸು ಹೆಚ್ಚೇ ಬೇಕು. ಈ ಅಂತರವನ್ನು ತುಂಬಲು ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಯ ರಸವು ಮೂಳೆಯಿಂದಲೇ ಕ್ಯಾಲ್ಸಿಯಂ ಸೆಳೆಯುವುದರಿಂದ, ಮರಿ ಹೊರನೋಟಕ್ಕೆ ದುಂಡಗೆ ಕಾಣುತ್ತಿರುವಾಗಲೇ ಒಳಗಿನ ಎಲುಬು ಹಸಿ ಕಡ್ಡಿಯಂತೆ ಬಾಗಿ ಬಿರಿಯುತ್ತದೆ. ಸೊಂಟದ ಎಲುಬು ಕುಸಿದು ಮಲದ ದಾರಿ ಇಕ್ಕಟ್ಟಾದರೆ ತಿಣುಕುವುದೂ ಸಹಜ.

ಬಿಸಿಲಿನಿಂದ ಇದು ವಾಸಿಯಾಗದು. ಬೆಕ್ಕಿನ ಜಾತಿಯ ಪ್ರಾಣಿಗಳು ಚರ್ಮದಲ್ಲಿ ಸಾಕಷ್ಟು ವಿಟಮಿನ್ ಡಿ ತಯಾರಿಸಿಕೊಳ್ಳಲಾರವು. ಅದು ಆಹಾರದಿಂದಲೇ ಬರಬೇಕು. ಆಕಳ ಹಾಲನ್ನು ನಿಲ್ಲಿಸಿರಿ. ಅದರಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಅನೇಕ ಮರಿಗಳಿಗೆ ಭೇದಿ ತರಿಸುತ್ತದೆ, ಈ ಕೊರತೆಯನ್ನಂತೂ ತುಂಬುವುದಿಲ್ಲ.

ಬೇಯಿಸಿ ನೀರು ಬಸಿಯುವುದರಿಂದ ಇನ್ನೊಂದು ನಷ್ಟವಿದೆ. ಬೆಕ್ಕಿನ ದೇಹ ಸಾಕಷ್ಟು ಉತ್ಪಾದಿಸಲಾರದ ಟಾರಿನ್ ಎಂಬ ಅಂಶ ಆ ನೀರಿನೊಂದಿಗೇ ಹೋಗುತ್ತದೆ. ಅದರ ಕೊರತೆಯಿಂದ ಕಣ್ಣಿನ ಪರದೆ ಹಾಳಾಗುವುದು 1975ರಲ್ಲಿ, ಹೃದಯದ ಸ್ನಾಯು ಸೋಲುವುದು 1987ರಲ್ಲಿ ಸಾಬೀತಾಗಿದೆ. ಕೋಳಿಯ ಹೃದಯ ಮತ್ತು ತೊಡೆಯ ಮಾಂಸದಲ್ಲಿ ಟಾರಿನ್ ಎದೆಮಾಂಸಕ್ಕಿಂತ ಹೆಚ್ಚಿರುತ್ತದೆ.

ಪ್ರಾಣಿಪಾಲಕ

ಎಕ್ಸ್‌-ರೇಯಲ್ಲಿ ಮೂಳೆಗಳು ತೆಳುವಾಗಿ ಕಂಡಿದ್ದು, ಒಂದು ತೊಡೆಯ ಎಲುಬಿನಲ್ಲಿ ಬಿರುಕಿದೆ. ಇನ್ನು ಮುಂದೆ ಏನು ಕೊಡಬೇಕು? ಹೊಲದಲ್ಲಿ ಹಿಡಿದ ಇಲಿಗಳನ್ನು ಹಾಕಬಹುದೇ? ದೊಡ್ಡ ಪ್ರಾಣಿಗಳಿಗಿರುವಂತೆ ವಾರಕ್ಕೊಂದು ದಿನ ಉಪವಾಸವನ್ನೂ ಪಾಲಿಸುತ್ತಿದ್ದೇವೆ.

ಪಶುವೈದ್ಯ, ಬೆಳಗಾವಿ

ಮರಿಗೆ ಉಪವಾಸ ಬೇಡವೇ ಬೇಡ. ದಿನದ ಆಹಾರವನ್ನು ಮೂರು ಹೊತ್ತಿಗೆ ಹಂಚಿರಿ. ಹೊಲದ ಇಲಿ ವಿಷ ತಿಂದಿರಬಹುದಾದ್ದರಿಂದ ಎಂದಿಗೂ ಕೊಡಬಾರದು. ಕಾಡುಬೆಕ್ಕು ಇಲಿಯನ್ನು ಎಲುಬು, ಕರುಳು, ತುಪ್ಪಳ ಸಮೇತ ತಿಂದು ಬದುಕುವ ಪ್ರಾಣಿ, ಆದ್ದರಿಂದ ಅತ್ಯುತ್ತಮ ಆಹಾರವೆಂದರೆ ಇಡೀ ಬೇಟೆಯೇ: ನಂಬಿಕೆಯ ಹ್ಯಾಚರಿಯಿಂದ ತಂದ, ಒಂದು ದಿನ ವಯಸ್ಸಿನ ಸತ್ತ ಕೋಳಿಮರಿಗಳು, ಸಾಕಿದ ಇಲಿಗಳು. ಅವು ಸಿಗದ ದಿನ ಹಸಿ ತೊಡೆಮಾಂಸಕ್ಕೆ ಹೃದಯ ಸೇರಿಸಿ, ಕಿಲೋಗೆ ಸುಮಾರು 5ರಿಂದ 6 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯನ್ನು ತೂಗಿ ಬೆರೆಸಿರಿ. ಚಮಚದ ಅಂದಾಜು ನೆಚ್ಚಬೇಡಿ. ಕಲೇಜಿ ವಿಟಮಿನ್ ಎಗೆ ಅವಶ್ಯ, ಆದರೆ ಸ್ವಲ್ಪವೇ ಸಾಕು. ದಿನವೂ ಧಾರಾಳವಾಗಿ ಕೊಟ್ಟರೆ ಕತ್ತಿನ ಎಲುಬುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಬೇಯಿಸಿದ ಮೂಳೆ ಸಿಗಿದು ಕರುಳನ್ನು ಚುಚ್ಚುವುದರಿಂದ ಅದು ನಿಷಿದ್ಧ.

ಹೊಸ ಆಹಾರಕ್ಕೆ ನಾಲ್ಕೈದು ದಿನಗಳಲ್ಲಿ ಹಂತಹಂತವಾಗಿ ಬದಲಾಯಿಸಿರಿ. ನೋವಿನ ಔಷಧಿ ಮತ್ತು ಕ್ಯಾಲ್ಸಿಯಂ ಚುಚ್ಚುಮದ್ದನ್ನು ಮರಿಯನ್ನು ಕಣ್ಣಾರೆ ನೋಡಿದ ವೈದ್ಯರೇ ನಿರ್ಧರಿಸಲಿ. ಪಂಜರದ ಹಲಗೆಗಳನ್ನು ಈಗಲೇ ಕಳಚಿ, ನೆಲಕ್ಕೆ ದಪ್ಪ ಗೋಣಿಚೀಲ ಹಾಸಿರಿ. ಮತ್ತೊಂದು ಎಕ್ಸ್‌-ರೇಯಲ್ಲಿ ಮೂಳೆ ಗಟ್ಟಿಯಾದದ್ದು ಕಾಣುವ ತನಕ ಮರಿಗೆ ಹಾರುವ ಅವಕಾಶ ಸಿಗದಂತೆ ನೋಡಿಕೊಳ್ಳಿ.