ಸಣ್ಣಪುಟ್ಟ ವೈರು, ಪಿನ್ನು, ಪ್ಯಾಡು ಹಾಕಿದರೆ ಸ್ಟೀರಿಯೋ ಧ್ವನಿ ನಿಜವಾಗಿ ಸುಧಾರಿಸುತ್ತಾ?

ಪ್ರಶ್ನೆ: ಅಪ್ಪನ ಕಾಲದ ಆಂಪ್ಲಿಫೈಯರ್, ಎರಡು ಸ್ಪೀಕರ್ ಇವೆ. ಜಾಸ್ತಿ ಕೇಳುವುದು ಹಳೆಯ ಯಕ್ಷಗಾನ ರೆಕಾರ್ಡಿಂಗ್. ಭಾಗವತರ ಧ್ವನಿ ಮಸುಕಾಗಿ ಕೇಳಿಸುತ್ತದೆ. ಎರಡು ಸಾವಿರದೊಳಗೆ ದಪ್ಪ ವೈರ್, ಚಿನ್ನದ ಲೇಪದ ಪಿನ್, ಸ್ಪೀಕರ್ ಕೆಳಗಿನ ಪ್ಯಾಡ್ ತಗೊಳ್ಳೋಣ ಅಂತ ಇದ್ದೇನೆ. ಉಪಯೋಗ ಇದೆಯಾ, ಇಲ್ಲ ದುಡ್ಡು ದಂಡವಾ? ಬಳಸಿ ನೋಡಿದವರು ಹೇಳಿ.

ಉಡುಪಿಯಿಂದ: ಅಂಗಡಿಗೆ ಹೋಗುವ ಮುಂಚೆ ಟಾರ್ಚ್ ಹಿಡಿದು ಸ್ಪೀಕರ್ ಹಿಂದೆ ನೋಡಿ. ನಮ್ಮ ಮನೆ ಸಮುದ್ರಕ್ಕೆ ಹತ್ತಿರ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ವೈರಿನ ತುದಿ ಹಸಿರು ಹಿಡಿದಿತ್ತು, ತಾಮ್ರದ ಎಳೆ ಬಗ್ಗಿಸಿದರೆ ಮುರಿಯುತ್ತಿತ್ತು, ಬಲಗಡೆ ಸ್ಪೀಕರ್ ಆಗಾಗ ಕರಕರ ಅಂದು ಸುಮ್ಮನಾಗುತ್ತಿತ್ತು. ಒಂದಿಂಚು ಕತ್ತರಿಸಿ, ಹೊಸ ತುದಿ ಬಿಡಿಸಿ, ಎಳೆ ಹೊಸೆದು ಸಿಕ್ಕಿಸಿದೆ. ಆಂಪ್ಲಿಫೈಯರಿಗೆ ಹಾಡು ತರುವ ವೈರಿನ ಆರ್‌ಸಿಎ ಪಿನ್‌ಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದೆ. ಕರಕರ ಹೋಯಿತು. ಚಿನ್ನದ ಲೇಪಕ್ಕೆ ತುಕ್ಕು, ಕಿಲುಬು ಹಿಡಿಯುವುದಿಲ್ಲ. ಕರಾವಳಿಯವರಿಗೆ ಅದು ಸಣ್ಣ ಲಾಭವಲ್ಲ. ಆದರೆ ಸ್ವಚ್ಛ ಇರುವ ಮಾಮೂಲಿ ಪಿನ್ನಿಗಿಂತ ಅದರಲ್ಲಿ ಧ್ವನಿ ಚೆನ್ನಾಗಿ ಬರುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ವೈರಿನ ವಿಷಯ ಲೆಕ್ಕ ಹಾಕಿದರೇ ತಿಳಿಯುತ್ತದೆ. ಸ್ಪೀಕರ್ 5 ಮೀಟರ್ ದೂರ ಇದ್ದರೆ ಹೋಗಿ ಬರಲು 10 ಮೀಟರ್. 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಆದರೆ ಅಷ್ಟಕ್ಕೆ ಅದು ಕರೆಂಟಿಗೆ ಒಡ್ಡುವ ತಡೆ ಸುಮಾರು 0.13 ಓಮ್, 8 ಓಮ್ ಸ್ಪೀಕರ್ ಮುಂದೆ ಅದು ಏನೂ ಅಲ್ಲ. 0.2 ಸ್ಕ್ವೇರ್ ಎಂಎಂನ ಕೂದಲಿನಂಥ ವೈರ್ ಆದರೆ 0.9 ಓಮ್ ಹತ್ತಿರ ಹೋಗುತ್ತದೆ, ಅದನ್ನು ಖಂಡಿತ ಬದಲಿಸಿ. ಮನೆ ವೈರಿಂಗ್‌ಗೆ ಹಾಕುವ ತಾಮ್ರದ ವೈರೇ ಸಾಕು. ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ ತಗೊಳ್ಳಿ, ಒಳಗೆ ಬೆಳ್ಳಗಿದ್ದರೆ ಅಲ್ಯೂಮಿನಿಯಂಗೆ ತಾಮ್ರ ಬಳಿದದ್ದು ಇರಬಹುದು. ದುಬಾರಿ ವೈರನ್ನೂ ಒಮ್ಮೆ ತಂದಿದ್ದೆ. ಮಗಳು ನನಗೆ ಕಾಣದಂತೆ ವೈರ್ ಬದಲಿಸುತ್ತಾ ಹೋದಳು, ಯಾವುದು ಅಂತ ನಾನು ಹೇಳಬೇಕು. ಹತ್ತರಲ್ಲಿ ಆರು ಸರಿ. ನಾಣ್ಯ ಚಿಮ್ಮಿದರೂ ಅಷ್ಟು ಬರುತ್ತದೆ, ಅಲ್ವಾ? ವೈರ್ ವಾಪಸ್ ಕೊಟ್ಟು ಬಂದೆ.

ನಿಮ್ಮ ಭಾಗವತರ ಧ್ವನಿ ಮಸುಕು ಅಂದದ್ದಕ್ಕೆ ನನಗೆ ಬೇರೆ ಅನುಮಾನ. ಒಂದು ಸ್ಪೀಕರಿನ ಪ್ಲಸ್ ಮೈನಸ್ ಅದಲುಬದಲಾಗಿದೆಯಾ ನೋಡಿ. ಹಾಗಿದ್ದರೆ ಒಂದು ಕೋನ್ ಮುಂದೆ ಬಂದಾಗ ಇನ್ನೊಂದು ಹಿಂದೆ ಹೋಗುತ್ತದೆ, ಮದ್ದಳೆಯ ತೂಕ ಹೋಗುತ್ತದೆ, ಹಾಡುವವರು ಎಲ್ಲಿ ನಿಂತಿದ್ದಾರೆ ಅಂತಲೇ ತಿಳಿಯುವುದಿಲ್ಲ. ಮೊನೊ ರೆಕಾರ್ಡಿಂಗ್ (ಎರಡೂ ಸ್ಪೀಕರಿನಲ್ಲಿ ಒಂದೇ ಧ್ವನಿ ಬರುವಂಥದ್ದು) ಹಾಕಿ ಎರಡೂ ಸ್ಪೀಕರಿನ ನಡುವೆ ಕೂತರೆ ಧ್ವನಿ ಸರಿಯಾಗಿ ಮಧ್ಯದಿಂದ ಬರಬೇಕು.

ಬೆಂಗಳೂರಿನಿಂದ: ವೈರಿನ ಮಾತು ಒಪ್ಪುತ್ತೇನೆ, ಆದರೆ ಪ್ಯಾಡನ್ನು ಬಿಡಬೇಡಿ. ನಮ್ಮ ಸ್ಪೀಕರ್ ಶೋಕೇಸ್ ಮೇಲಿತ್ತು. ಚೆಂಡೆ ಬಾರಿಸಿದಾಗಲೆಲ್ಲ ಗಾಜಿನ ಬಾಗಿಲು ಗಿಜಿಗಿಜಿ ಅನ್ನುತ್ತಿತ್ತು, ಅದನ್ನೇ ಸ್ಪೀಕರ್ ಹರಿದಿದೆ ಅಂದುಕೊಂಡಿದ್ದೆ. ಎಸ್‌ಪಿ ರೋಡಿನಲ್ಲಿ ದಪ್ಪ ರಬ್ಬರ್ ಪ್ಯಾಡ್ ತಂದು ಇಟ್ಟ ಮೇಲೆ ನಿಂತಿತು. ಸ್ಪೀಕರ್ ನೆಲದ ಮೇಲೆ ಗಟ್ಟಿಯಾಗಿ ಕೂತಿದ್ದರೆ ಪ್ಯಾಡಿನಿಂದ ದೊಡ್ಡ ಫರಕ್ ಕಾಣಲಿಲ್ಲ. ಗೋಡೆ ಮೂಲೆಯಿಂದ ಒಂದೂವರೆ ಅಡಿ ಈಚೆಗೆ ಎಳೆದಾಗ ಮಾತ್ರ ಗುಂಯ್‌ಗುಟ್ಟುವ ಬೇಸ್ ಎಷ್ಟೋ ಇಳಿಯಿತು, ಅದಕ್ಕೆ ಒಂದು ಪೈಸೆಯೂ ಬೇಡ. ಆಂಪ್ಲಿಫೈಯರಿಗೆ ಕಂಪ್ಯೂಟರ್ ಜೋಡಿಸಿದಾಗ ಹಮ್ (ಗುಂಯ್ ಅನ್ನುವ ಸದ್ದು) ಬಂದರೆ ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ ನೋಡಿ, ಆಗಲೂ ಉಳಿದರೆ ಗ್ರೌಂಡ್ ಲೂಪ್ ಐಸೊಲೇಟರ್ (ಆಡಿಯೋ ವೈರಿನ ನಡುವೆ ಹಾಕಿ ಆ ಸದ್ದು ತಡೆಯುವ ಸಣ್ಣ ಡಬ್ಬಿ) ತಗೊಳ್ಳಿ. ಅರ್ಥ್ ಪಿನ್ ಕಿತ್ತು ಹಾಕುವ ಕೆಲಸ ಮಾತ್ರ ಮಾಡಬೇಡಿ, ಶಾಕ್ ಹೊಡೆದೀತು.

ಪ್ರಶ್ನೆ ಕೇಳಿದವರು: ಈಗ ನೋಡಿದೆ. ಬಲಗಡೆ ಸ್ಪೀಕರ್ ಉಲ್ಟಾ ಇತ್ತು. ಬಣ್ಣ ಮಾಸಿದ್ದರಿಂದ ಯಾವ ಎಳೆ ಪ್ಲಸ್ ಅಂತ ಗೊತ್ತಾಗದೆ, ಒಂದು ಸಲ ಅದಲುಬದಲು ಮಾಡಿ ಕೇಳಿದೆ. ಭಾಗವತರು ನಡುವೆ ಬಂದು ನಿಂತರು. ಅಮ್ಮ ಅಡುಗೆಮನೆಯಿಂದ ಬಂದು ಕೂತು ಇಡೀ ಪದ ಕೇಳಿದರು. ವೈರ್ ತೆಳ್ಳಗೇ ಇದೆ, ಅದನ್ನಷ್ಟೇ ನಾಳೆ ತರುತ್ತೇನೆ.