ಪದಚರ್ಚೆ: ಬ್ರಾಂಡಿ ‘ಸವರ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮಡಗಾಂವ್‌ನ ನಮ್ಮ ಕನ್ನಡ ಗೆಳೆಯರಿಗಾಗಿ, ಮನೆಯಲ್ಲೇ ಮಾಡಬಹುದಾದ ಕಾಕ್‌ಟೇಲ್‌ಗಳ ವಿಧಾನ ಬರೆಯುತ್ತಿದ್ದೇನೆ. ಆಪಲ್ ಬ್ರಾಂಡಿ ಸವರ್ ಹತ್ತಿರ ಬಂದಾಗ ಹೆಸರಿನಲ್ಲೇ ತೊಡಕಾಯಿತು.

ಸವರ್ (ಇಂಗ್ಲಿಷಿನ sour, ಅಂದರೆ ಹುಳಿ) ಎನ್ನುವುದು ಒಂದು ಬಗೆಯ ಪಾನೀಯಗಳಿಗೆಲ್ಲ ಇರುವ ಹೆಸರು. ಮದ್ಯ, ಲಿಂಬೆರಸ, ಸಕ್ಕರೆ ಪಾಕ ಮೂರೂ ಇರಬೇಕು. ವಿಸ್ಕಿ ಹಾಕಿದರೆ ವಿಸ್ಕಿ ಸವರ್. ಇಲ್ಲಿ ಹಾಕುವುದು ಸೇಬಿನ ರಸವನ್ನು ಹುದುಗಿಸಿ ಭಟ್ಟಿ ಇಳಿಸಿದ ಬ್ರಾಂಡಿ. ಫ್ರಾನ್ಸಿನ ನಾರ್ಮಂಡಿಯ ಕ್ಯಾಲ್ವಡಾಸ್ ಇದರಲ್ಲಿ ಹೆಸರುವಾಸಿ, ಓಕ್ ಪೀಪಾಯಿಯಲ್ಲಿ ಕನಿಷ್ಠ 2 ವರ್ಷ ಇಟ್ಟಿರುತ್ತಾರೆ.

‘ಹುಳಿ’ ಅಂತಲೇ ಬರೆಯೋಣ ಅಂದರೆ, ಶಿವಮೊಗ್ಗ ಕಡೆಯ ನನ್ನಂಥವರಿಗೆ ಹುಳಿ ಅನ್ನಕ್ಕೆ ಕಲಸಿಕೊಳ್ಳುವ ಪದಾರ್ಥ. ‘ಬ್ರಾಂಡಿ ಹುಳಿ’ ಅಂದರೆ ನುಗ್ಗೆಕಾಯಿ ಹುಳಿಯ ಸಾಲಿಗೆ ಸೇರಿಬಿಡುತ್ತದೆ. ತಿರುಗಿಸಿ ‘ಹುಳಿ ಬ್ರಾಂಡಿ’ ಅಂದರೆ ಕೆಟ್ಟುಹೋದ ಬ್ರಾಂಡಿ ಅನ್ನಿಸುತ್ತದೆ. ಹಿಟ್ಟು ಹುಳಿ ಬಂತು, ಹಾಲಿಗೆ ಹುಳಿ ಹಿಂಡಿದರು ಅನ್ನುತ್ತೇವಲ್ವಾ, ಆ ನೆರಳು ಬಿಡುವುದಿಲ್ಲ. ‘ಹುಳಿಸಿಹಿ’ ರುಚಿಗೆ ಸರಿಹೊಂದುತ್ತದೆ, ಆದರೆ ಗ್ಲಾಸಿನಲ್ಲಿ ಕೊಡುವ ವಸ್ತುವಿನ ಹೆಸರಿನ ಹಾಗೆ ಕೇಳಿಸುವುದಿಲ್ಲ. ‘ಪಾನಕ’ ನನಗೆ ತುಂಬಾ ಇಷ್ಟ. ಲಿಂಬೆ, ಸಿಹಿ, ಎರಡೂ ಅದರಲ್ಲೇ ಇದೆ. ಆದರೆ ರಾಮನವಮಿಯ ಪದವನ್ನು ಮದ್ಯಕ್ಕೆ ತರುವುದು ಬೇಡ ಅಂತ ಹಲವರಿಗೆ ಅನ್ನಿಸಬಹುದು. ಅವರ ಮನಸ್ಸು ನೋಯಿಸುವ ಆಸೆ ನನಗಿಲ್ಲ.

ಕ್ರಿಯಾಪದಗಳ ವಿಷಯಕ್ಕೆ ಬಂದರೆ ಕನ್ನಡ ಎಷ್ಟು ಚೆಂದ ನೋಡಿ. ಚಮಚೆಯಿಂದ ತಿರುಗಿಸಿದರೆ ಕಲಕುವುದು, ಮುಚ್ಚಳ ಹಾಕಿ ಆಡಿಸಿದರೆ ಕುಲುಕುವುದು. ಬಾರಿನವರಿಗೆ ಇವೆರಡೂ ಬೇರೆಬೇರೆ ಕೆಲಸ, ನಮ್ಮಲ್ಲಿ ಎರಡೇ ಎರಡು ಸ್ವರಗಳಲ್ಲಿ ಬೇರೆಯಾಗುತ್ತವೆ. ಕೇರಳದ ಕುಲುಕ್ಕಿ ಸರ್ಬತ್ತಿನಲ್ಲಿರುವುದೂ ಇದೇ ಮಾತು. ಹಾಗಾಗಿ ಹೀಗೆ ಬರೆದಿದ್ದೇನೆ:

“60 ಮಿಲಿ ಸೇಬಿನ ಬ್ರಾಂಡಿ, 25 ಮಿಲಿ ಲಿಂಬೆರಸ, 20 ಮಿಲಿ ಸಕ್ಕರೆ ಪಾಕ, 30 ಮಿಲಿ ತಾಜಾ ಸೇಬಿನ ರಸ, ಒಂದು ಮೊಟ್ಟೆಯ ಬಿಳಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಮೊದಲು ಐಸ್ ಇಲ್ಲದೆ ಕುಲುಕಿ, ನೊರೆ ಬರಲಿ. ಆಮೇಲೆ ಐಸ್ ಹಾಕಿ, ಡಬ್ಬಿ ಕೈಗೆ ಕೊರೆಯುವ ತನಕ ಕುಲುಕಿ ಸೋಸಿ.”

ಇಲ್ಲಿ ‘ನೊರೆ’ ಸಾಕಾ, ‘ಬುರುಗು’ ಅನ್ನಬೇಕಾ? ನೊರೆ ಅಂದರೆ ನನಗೆ ಸೋಪು ನೆನಪಾಗುತ್ತದೆ. ಮೊಟ್ಟೆಯ ಬಿಳಿಯಿಂದ ಬರುವುದು ದಪ್ಪಗೆ, ನುಣ್ಣಗೆ, ಕೆನೆಯಂತೆ ಮೇಲೆ ನಿಲ್ಲುತ್ತದೆ.

ಇನ್ನೊಂದು. ಸೇಬಿನ ಬ್ರಾಂಡಿ ಸಿಗದವರಿಗೆ ಗೇರುಹಣ್ಣಿನ ಫೆನಿ ಹಾಕಿ ಎಂದು ಸೇರಿಸಿದ್ದೇನೆ. ಅದೂ ಹಣ್ಣಿನ ರಸ ಹುದುಗಿಸಿ ಭಟ್ಟಿ ಇಳಿಸಿದ್ದೇ. 2009ರಲ್ಲಿ ಗೋವಾಕ್ಕೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿರುವ ಮದ್ಯ. ವಾಸನೆ ಮಾತ್ರ ಜಾಸ್ತಿ, 45 ಮಿಲಿ ಸಾಕು.

ಕಾರವಾರ, ಅಂಕೋಲಾ ಕಡೆಯವರು ಇಂಥ ಲಿಂಬೆ ಬೆರೆಸಿದ ಮದ್ಯಕ್ಕೆ ಮನೆಮಾತಿನಲ್ಲಿ ಏನಾದರೂ ಅನ್ನುತ್ತೀರಾ? ಇದ್ದರೆ ದಯವಿಟ್ಟು ಬರೆಯಿರಿ. ಇಲ್ಲವಾದರೆ ‘ಸವರ್’ ಅಂತಲೇ ಉಳಿಸಿಕೊಂಡು ಪಕ್ಕದಲ್ಲಿ ‘ಹುಳಿಸಿಹಿ ಪೇಯ’ ಅಂತ ವಿವರಣೆ ಕೊಡುತ್ತೇನೆ.